ಪಕ್ಕೆ ಬಿಡದ ಹೊಲಿಗೆ

ಹೂಂಗುಟ್ಟುವವರು ಹತ್ತಿರ ಬಂದು ಕೂತುಕೊಳ್ಳಿ. ಒಂದಾನೊಂದು ಕಾಲದಲ್ಲಿ, ಅಂಥಾ ಹಿಂದೇನಲ್ಲ, ಹೊಲಿಗೆ ಮೆಷಿನ್ನಿಗೆ ಕರೆಂಟು ಬಂದ ಮೇಲಿನ ಕಾಲದಲ್ಲೇ, ಒಂದೂರಿನ ಇಕ್ಕಟ್ಟು ಬೀದಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಹೊಲಿಗೆಮನೆಯಿತ್ತು. ಆ ರಾಜ್ಯಕ್ಕೆ ರಾಜನಿರಲಿಲ್ಲ, ಮಾವನಿದ್ದ. ಮಂತ್ರಿಯ ಜಾಗದಲ್ಲಿ ಕಟಿಂಗ್ ಮೇಷ್ಟ್ರಿದ್ದರು. ಹನ್ನೊಂದು ಮೆಷಿನ್ನು, ಅವುಗಳ ಮುಂದೆ ಹನ್ನೊಂದು ಹೆಂಗಸರು, ನಡುವೆ ದೋಣಿಯಷ್ಟು ಉದ್ದದ ಕತ್ತರಿಸುವ ಮೇಜು. ರಾಜಕುಮಾರಿ ಅನ್ನಬೇಕಾದವಳು ಮಾವನ ಅಕ್ಕನ ಮಗಳು. ಇಪ್ಪತ್ತಾರು ತುಂಬಿದ್ದರೂ ಅವಳು ಎಲ್ಲರ ಬಾಯಲ್ಲಿ ಪುಟ್ಟಿಯೇ.

ಪುಟ್ಟಿಯ ಕೆಲಸ ಬಟ್ಟೆ ಆರಿಸುವುದು. ಅಲ್ಲಿ ಹೊಲಿಯುತ್ತಿದ್ದದ್ದು ಬನಿಯನ್ನು, ಟೀಶರ್ಟು, ಮಕ್ಕಳ ಚಡ್ಡಿ ಇಂಥವನ್ನೇ. ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಹೆಣಿಗೆ ಬಟ್ಟೆಯ ಉಡುಪುಗಳನ್ನು. ಮಗ್ಗದ ಬಟ್ಟೆ ಸಿಪಾಯಿ ಸಾಲಿನ ಹಾಗೆ, ನಿಲ್ಲು ಅಂದಲ್ಲಿ ನಿಲ್ಲುತ್ತದೆ. ಹೆಣಿಗೆ ಬಟ್ಟೆ ಹಾಗಲ್ಲ. ಒಂದೇ ದಾರ ಕುಣಿಕೆ ಕುಣಿಕೆಯಾಗಿ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಹೊರಟಿರುತ್ತದೆ, ಎಲ್ಲಿ ಬೇಸರ ಬಂದು ವಾಲುತ್ತದೋ ಹೇಳಲಾಗದು. ಪುಟ್ಟಿ ಅದನ್ನು ಎಳೆದು ನೋಡುವಳು, ಮುಷ್ಟಿಯಲ್ಲಿ ಹಿಂಡಿ ಬಿಡುವಳು, ಕೊನೆಗೆ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುವಳು. ಗೋದಾಮಿನವರು ಅವಳನ್ನು ಕಂಡರೆ ನಗುತ್ತಿದ್ದರು. ಆದರೆ ಅವಳು ಬೇಡ ಅಂದ ಬಟ್ಟೆಯನ್ನು ಕೊಳ್ಳಲು ಬೇರೆಯವರೂ ಹಿಂದೆಮುಂದೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಕಣ್ಣು ಕಾಣದ ಮಕ್ಕಳ ಶಾಲೆಯ ವಾರ್ಡನ್ನಮ್ಮ ಮೆಟ್ಟಿಲು ಹತ್ತಿ ಬಂದರು. ನೂರಿಪ್ಪತ್ತು ಮಕ್ಕಳು, ತಲೆಗೆ ಎರಡರಂತೆ ಇನ್ನೂರ ನಲವತ್ತು ಟೀಶರ್ಟು, ರಜೆ ಮುಗಿಯುವುದರೊಳಗೆ. ಅವರ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಕತ್ತಿನ ಹಿಂದೆ ಚೀಟಿ ಹೊಲಿದರೆ ಮಕ್ಕಳು ಚುಚ್ಚುತ್ತದೆಂದು ಕಿತ್ತೆಸೆಯುತ್ತಾರೆ. ಅದಕ್ಕೇ ಅಂಗಿಯ ಎಡಪಕ್ಕೆಯ ಹೊಲಿಗೆ ಮುಗಿಯುವಲ್ಲಿ ದಾರದ ಒಂದು ಗಂಟು. ಐದು ವರ್ಷದ ಮಗುವೂ ಗಂಟನ್ನು ಎಡಗೈಯಲ್ಲಿ ಹುಡುಕಿ ಹಿಡಿದು, ಇನ್ನೊಂದು ಪಕ್ಕೆಯ ಹೊಲಿಗೆಯನ್ನು ಬಲಗೈಗೆ ತೆಗೆದುಕೊಂಡು, ತಲೆ ತೂರಿಸಿಬಿಡುತ್ತದೆ. ಯಾರೂ ತೊಡಿಸಬೇಕಿಲ್ಲ, ಯಾರೂ ತಿದ್ದಬೇಕಿಲ್ಲ. ವಾರ್ಡನ್ನಮ್ಮ ಕೇಳಿದ್ದು ಒಂದೇ ಮಾತು: ಹತ್ತು ಸಲ ಒಗೆದರೂ ಆ ಹೊಲಿಗೆ ಪಕ್ಕೆಯಲ್ಲೇ ಇರುತ್ತದೆಯೇ?

ಪುಟ್ಟಿ ಇರುತ್ತದೆ ಅಂದಳು. ಮಾವ ಅನ್ನಲಿಲ್ಲ, ಮೇಷ್ಟ್ರು ಅನ್ನಲಿಲ್ಲ, ಅವಳೇ ಬಾಯಿಬಿಟ್ಟು ಮಾತು ಕೊಟ್ಟಳು.

ಮಾತು ಕೊಟ್ಟಮೇಲೆ ಗೋದಾಮಿಗೆ ಹೋಗಿ ಆಕಾಶದ ಬಣ್ಣದ ಆರು ರೋಲು ಆರಿಸಿದಳು. ಸಿಂಗಲ್ ಜರ್ಸಿ ಅನ್ನುವ ತೆಳು ಬಟ್ಟೆ, ಒಂದು ಮುಖ ನುಣುಪು, ಒಂದು ಮುಖ ತರಿ. ಕೆನ್ನೆಗೆ ಬೆಣ್ಣೆ. ಅಂಗೈಯಗಲದ ಚೌಕ ಕತ್ತರಿಸಿ ತಂದು ಮನೆಯಲ್ಲಿ ಹತ್ತು ಸಲ ಒಗೆದಳು. ಬಣ್ಣ ಬಿಡಲಿಲ್ಲ, ಜುಂಗು ಏಳಲಿಲ್ಲ. ಹೂಂ ಅಂದಳು. ಮಾವ ರೋಲುಗಳನ್ನು ತರಿಸಿದ, ಮೇಷ್ಟ್ರು ಮಾದರಿಗೆ ಎರಡು ಅಂಗಿ ಕತ್ತರಿಸಿ ಹೊಲಿಸಿ ಶಾಲೆಗೆ ಕಳಿಸಿದರು. ರಜೆಯಲ್ಲೂ ಊರಿಗೆ ಹೋಗದೆ ಉಳಿದ ಹತ್ತಾರು ಮಕ್ಕಳಲ್ಲಿ ಇಬ್ಬರು ಅವನ್ನು ತೊಟ್ಟರು. ವಾರ ಕಳೆದ ಮೇಲೆ ಪುಟ್ಟಿ ಒಪ್ಪಿಗೆ ಕೇಳಿಕೊಂಡು ಬರಲು ಹೋದಳು.

ಶಾಲೆಯ ಉದ್ದ ಪಡಸಾಲೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಗೋಡೆ ಹಿಡಿದು ನಡೆದುಬರುತ್ತಿದ್ದಳು. ಮೈಮೇಲೆ ಆಕಾಶದ ಬಣ್ಣದ ಅಂಗಿ. ಎರಡು ಒಗೆತ ಕಂಡಿತ್ತು ಅಷ್ಟೇ. ಎಡಪಕ್ಕೆಯ ಹೊಲಿಗೆ ಕಂಕುಳಿಂದ ಹೊರಟು, ಬಳ್ಳಿಯ ಹಾಗೆ ಓರೆಯಾಗಿ ಸುತ್ತಿಕೊಂಡು, ಹೊಕ್ಕುಳ ಹತ್ತಿರ ಬಂದು ನಿಂತಿತ್ತು. ಗಂಟು ಹೊಟ್ಟೆಯ ಮೇಲೆ ತೂಗುತ್ತಿತ್ತು. ಗಂಟಿನ ಲೆಕ್ಕ ಹಿಡಿದು ತೊಟ್ಟಿದ್ದರಿಂದ ಅಂಗಿಯ ಕತ್ತು ಒಂದು ಭುಜದ ಮೇಲೆ ಎಳೆದಿತ್ತು. ಆಯಾ ಒಬ್ಬಳು ಬಂದು, ಅಯ್ಯೋ ತಿರುಗಾಮುರುಗಾ ಹಾಕಿಕೊಂಡಿದ್ದೀಯಲ್ಲೇ ಎಂದು ಅಂಗಿಯನ್ನು ತಿದ್ದಲು ಹೋದಳು. ಹುಡುಗಿ ಆ ಕೈ ತಳ್ಳಿದಳು.

"ನಾನು ಸರಿಯಾಗೇ ಹಾಕ್ಕೊಂಡಿದೀನಿ. ಅಂಗಿನೇ ತಪ್ಪು."

ತಾನು ಎಲ್ಲಿ ಎಡವಿದೆನೆಂದು ಪುಟ್ಟಿಗೆ ಅಲ್ಲೇ, ಗೋಡೆಗೊರಗಿ ನಿಂತಲ್ಲೇ ಗೊತ್ತಾಯಿತು. ಒಗೆದದ್ದು ಚಪ್ಪಟೆ ಚೂರನ್ನು. ಚಪ್ಪಟೆ ಚೂರು ಓರೆಯಾದರೆ ಯಾರ ಕಣ್ಣಿಗೆ ಬೀಳುತ್ತದೆ? ಚೀಲದ ಹಾಗೆ ಸುತ್ತಿ ಹೊಲಿದು ಒಗೆದಿದ್ದರೆ ಹೊಲಿಗೆ ಎತ್ತ ಹೊರಟಿದೆಯೆಂದು ಮೊದಲ ದಿನವೇ ಕಾಣುತ್ತಿತ್ತು. ಬೆಣ್ಣೆಯಂಥ ಮೃದುತನಕ್ಕೆ ಸೋತು ಕೆನ್ನೆ ಹೇಳಿದ್ದನ್ನೇ ನಂಬಿ ಕೂತಿದ್ದಳು.

ಹೊಲಿಗೆಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ, ಆ ಆರು ರೋಲು ಕತ್ತರಿಸುವುದು ಬೇಡ ಅಂದಳು. ಮಾವ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ಹೆಣಿಗೆ ಬಟ್ಟೆ ಅಂದಮೇಲೆ ಒಂದಿಷ್ಟು ತಿರುಗುತ್ತದೆ, ಊರಿಗೆ ಊರೇ ತಿರುಗಿದ ಬನಿಯನ್ನು ತೊಟ್ಟು ಓಡಾಡುತ್ತಿದೆ, ಯಾರಾದರೂ ದಾರಿ ತಪ್ಪಿದ್ದಾರೆಯೇ ಎಂದು ಕೇಳಿದ. ಹದಿನಾರು ದಿನ ಉಳಿದಿದೆ, ಈಗ ಬಟ್ಟೆ ಹುಡುಕಲು ಹೊರಟರೆ ವಾರ್ಡನ್ನಮ್ಮನಿಗೆ ಯಾವ ಮುಖ ತೋರಿಸುವುದು ಎಂದೂ ಕೇಳಿದ. ಮೇಷ್ಟ್ರು ಮೂಗಿನ ತುದಿಯ ಕನ್ನಡಕವನ್ನು ಇನ್ನಷ್ಟು ಕೆಳಗಿಳಿಸಿ ಉಪಾಯ ಹೇಳಿದರು.

"ಹಬೆ ಇಸ್ತ್ರಿ ಹಾಕಿ ಎಳೆದು ಕೂರಿಸಿ ಕೊಟ್ಬಿಡೋಣ ಕಣಮ್ಮ. ಕಣ್ಣಿರೋರಿಗೇ ಗೊತ್ತಾಗಲ್ಲ. ಇನ್ನು ಆ ಮಕ್ಕಳಿಗೆ..."

"ಕೈ ಇದೆ ಮೇಷ್ಟ್ರೇ," ಪುಟ್ಟಿ ಅಂದಳು. "ನಿಮಗಿಂತ ಚೆನ್ನಾಗಿ ನೋಡೋ ಕೈ."

ಹನ್ನೊಂದು ಮೆಷಿನ್ನುಗಳಲ್ಲಿ ಏಳು ನಿಂತವು. ಮೇಷ್ಟ್ರ ಮಾತಿಗೆ ಎದುರು ಮಾತು ಆ ಕೋಣೆ ಕೇಳಿ ಎಷ್ಟು ಕಾಲವಾಗಿತ್ತೋ. ಮಾವ ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ, ಬಟ್ಟೆ ಆರಿಸಿದವಳು ನೀನೇ, ಹೂಂ ಅಂದವಳು ನೀನೇ, ಈಗ ನನ್ನ ತಲೆಯ ಮೇಲೆ ಕೂತರೆ ಹೇಗೆ ಎಂದ. ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ಹಟ ಏರಿತು.

"ಹೂಂ ಅಂದೋಳು ನಾನೇ ಮಾವ. ಅದಕ್ಕೇ ಊಹೂಂ ಅನ್ನೋ ಹಕ್ಕೂ ನನ್ನದೇ. ನೀವು ಕತ್ತರಿಸಿದ್ರೆ ನಾನೇ ಶಾಲೆಗೆ ಹೋಗಿ, ಇದನ್ನ ತಗೋಬೇಡಿ ಅಂತ ಹೇಳ್ತೀನಿ."

ಮಾವ ಕಿಟಕಿಯ ಪಟ್ಟಿಯ ಮೇಲೆ ಬೆರಳಲ್ಲೇ ನಷ್ಟದ ಲೆಕ್ಕ ಹಾಕಿದ. ಕೊನೆಗೆ, ರೋಲುಗಳನ್ನು ಗೋದಾಮಿನವನು ವಾಪಸ್ಸು ತೆಗೆದುಕೊಂಡರೆ ಕತ್ತರಿಸುವುದಿಲ್ಲ, ತೆಗೆದುಕೊಳ್ಳದಿದ್ದರೆ ಬರುವ ಶನಿವಾರ ಕತ್ತರಿ ಹಾಕುವುದೇ ಎಂದು ಅಪ್ಪಣೆ ಮಾಡಿದ. ಹೆಣಿಗೆ ಬಟ್ಟೆಯ ರೋಲು ಬಿಚ್ಚಿದ ಮೇಲೆ ಗೋದಾಮಿನವನು ವಾಪಸ್ಸು ತೆಗೆದುಕೊಂಡದ್ದು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ, ಅದು ಮಾವನಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ವ್ಯಾಪಾರ ಬಿಸಿಯಾಗಿದ್ದ ಹೊತ್ತಿಗೆ ಪುಟ್ಟಿ ಗೋದಾಮಿಗೆ ಹೋದಳು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಆರು ರೋಲಿನಿಂದಲೂ ಒಂದೊಂದು ತುಂಡು ಕತ್ತರಿಸಿ ನೇರವಾಗಿ ಹೊಲಿದ ಆರು ಚೀಲ. ಬಾಗಿಲ ಪಕ್ಕದ ನಲ್ಲಿಯಿಂದ ನೀರು ಹಿಡಿದು, ಹೋಗುವವರ ಬರುವವರ ನಡುವೆಯೇ ಕುಕ್ಕರಗಾಲಲ್ಲಿ ಕೂತು, ಸೋಪು ಹಾಕಿ ಒಗೆಯತೊಡಗಿದಳು. ಗೋದಾಮಿನ ಯಜಮಾನರು ಮೊದಲು ಏನೋ ಚೆಲ್ಲಿಕೊಂಡಿದ್ದಾಳೆ ಅಂದುಕೊಂಡರು. ಮೊದಲ ಚೀಲ ಹಿಂಡಿ ಷಟರಿನ ಕೊಂಡಿಗೆ ನೇತುಹಾಕಿದಾಗ ಎದ್ದು ಬಂದರು. ಮೂರನೆಯದು ನೇತಾಡುವ ಹೊತ್ತಿಗೆ ಕೊಳ್ಳಲು ಬಂದ ನಾಲ್ವರು ಸುತ್ತ ನಿಂತಿದ್ದರು. ಒಂದೊಂದು ಚೀಲದ ಹೊಲಿಗೆಯೂ ಒದ್ದೆಯಲ್ಲೇ ಮೆಲ್ಲಗೆ ಓರೆಯಾಗಿ ಬಾಗುತ್ತಿತ್ತು, ಮಲಗಿದ್ದವರು ಮಗ್ಗುಲು ಬದಲಿಸಿದ ಹಾಗೆ.

ಇದೇನು ಮಾನ ಹರಾಜು ಹಾಕಲು ಬಂದೆಯಾ, ನೀನೇ ಮುಟ್ಟಿ, ಮೂಸಿ, ಕೆನ್ನೆಗೆ ಸವರಿಕೊಂಡು ಒಪ್ಪಿದ ಮಾಲಲ್ಲವೇ ಎಂದು ಯಜಮಾನರು ರೇಗಿದರು.

"ಹೌದು ಯಜಮಾನರೇ, ಒಪ್ಪಿದ್ದೆ. ತಪ್ಪು ನನ್ನದೇ," ಎಂದಳು ಪುಟ್ಟಿ ತಲೆಯೆತ್ತದೆ. "ನನ್ನ ತಪ್ಪನ್ನೇ ಒಗೀತಾ ಇದೀನಿ. ನಿಮ್ಮದೇನೂ ಒಗೀತಿಲ್ವಲ್ಲ."

ಸುತ್ತ ನಿಂತವರಲ್ಲಿ ಒಬ್ಬ ತಾನು ಕೊಳ್ಳಲಿದ್ದ ಹಳದಿ ರೋಲಿನಿಂದಲೂ ಒಂದು ಚೀಲ ಮಾಡಿ ತೋರಿಸಮ್ಮ ಅಂದ. ಇನ್ನೊಬ್ಬ ತನ್ನದನ್ನೂ ಅಂದ. ಪುಟ್ಟಿ ಸೊಂಟದಿಂದ ಸೂಜಿದಾರ ತೆಗೆದಳು. ಆಗ ಯಜಮಾನರು ಅಡ್ಡ ಬಂದು ನಿಂತರು. ಆರು ರೋಲನ್ನೂ ಮಧ್ಯಾಹ್ನವೇ ತಂದು ಇಳಿಸು, ಆ ಬಕೆಟ್ಟನ್ನು ಮಾತ್ರ ಈಗಲೇ ಎತ್ತು ಎಂದು ಕೈಮುಗಿದರು. ಪುಟ್ಟಿ ಬಕೆಟ್ಟನ್ನು ಎತ್ತಿದಳು, ಹಾಗೇ ಒಂದು ಪ್ರಶ್ನೆಯನ್ನೂ ಎತ್ತಿದಳು: ತಿರುಗದ ಬಟ್ಟೆ ಎಲ್ಲಿ ಸಿಗುತ್ತದೆ? ಅಂಥದ್ದು ಈಗ ಯಾರೂ ಹೆಣೆಯುವುದಿಲ್ಲ, ದಾರ ಜಾಸ್ತಿ ನುಂಗುತ್ತದೆ, ಕೆಲಸ ನಿಧಾನ, ರೈಲುಗೇಟಿನ ಆಚೆಯ ಸೂಜಿಯಕ್ಕನ ಹತ್ತಿರ ಒಂದು ಹಳೇ ಮೆಷಿನ್ನು ತುಕ್ಕು ಹಿಡಿಯುತ್ತಿರಬೇಕು ಎಂದು, ಅವಳು ತೊಲಗಿದರೆ ಸಾಕೆನ್ನುವ ಸಂತೋಷಕ್ಕೆ, ಯಜಮಾನರು ಬಾಯಿಬಿಟ್ಟರು.

ಸೂಜಿಯಕ್ಕನ ಶೆಡ್ಡಿನಲ್ಲಿ ಎರಡು ದುಂಡು ಮೆಷಿನ್ನುಗಳಿದ್ದವು. ಒಂದು ಗಿರಗಿರ ತಿರುಗುತ್ತ ತೆಳು ಬಟ್ಟೆಯನ್ನು ಕೆಳಗೆ ಇಳಿಬಿಡುತ್ತಿತ್ತು. ಇನ್ನೊಂದರ ಮೇಲೆ ಗೋಣಿತಾಟು ಮುಚ್ಚಿ, ಅದರ ಮೇಲೆ ಊಟದ ಡಬ್ಬಿ ಇಟ್ಟಿದ್ದರು. ಅಕ್ಕ ಅರವತ್ತರ ಹತ್ತಿರದ ಹೆಂಗಸು, ಉಗುರುಗಳಲ್ಲಿ ಎಣ್ಣೆಯ ಕಪ್ಪು. ಪುಟ್ಟಿಯ ಕತೆಯನ್ನೆಲ್ಲ ಕೇಳಿ ಒಂದು ಮೊಳ ದಾರ ಹರಿದು, ಎರಡು ತುದಿಯನ್ನೂ ಜೋಡಿಸಿ ಹಿಡಿದಳು. ನಡುವಿನ ದಾರ ತಾನೇ ತಾನಾಗಿ ಗಿರಕಿ ಹೊಡೆದು ಹುರಿಯಾಯಿತು.

"ನೋಡ್ದಾ? ನೂಲುವಾಗ ಹಾಕಿದ ತಿರುವನ್ನ ಇದು ಮರೆಯಲ್ಲ. ನೀರು ಬಿತ್ತು ಅಂದ್ರೆ ಬಿಚ್ಕೊಳ್ಳೋಕೆ ನೋಡುತ್ತೆ, ಬಟ್ಟೆನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ಬುದ್ಧಿ ಹೇಳಿದ್ರೆ ಕೇಳಲ್ಲ ಇದು. ಎದುರಿಗೆ ಸರಿಸಮ ಒಬ್ಬರನ್ನ ನಿಲ್ಲಿಸ್ಬೇಕು, ಆಗ ಸುಮ್ಮನಿರುತ್ತೆ."

ತಾಟಿನ ಕೆಳಗಿದ್ದ ಮೆಷಿನ್ನು ಮಾಡುತ್ತಿದ್ದದ್ದು ಅದನ್ನೇ. ಎರಡು ಸಾಲು ಸೂಜಿ, ಎರಡು ಪದರ ಕುಣಿಕೆ, ಬೆನ್ನಿಗೆ ಬೆನ್ನು ಕೊಟ್ಟು ಒಂದನ್ನೊಂದು ಹಿಡಿದುಕೊಂಡ ಹಾಗೆ. ಒಳಗೂ ಹೊರಗೂ ಒಂದೇ ನುಣುಪು. ಇಂಟರ್‌ಲಾಕ್ ಅನ್ನುತ್ತಾರೆ, ಎಂದಳು ಅಕ್ಕ, ನನ್ನ ಮದುವೆಯಾದ ಹೊಸತರಲ್ಲಿ ಇದಕ್ಕೆ ಸರದಿ ನಿಲ್ಲುತ್ತಿದ್ದರು, ಈಗ ಎಲ್ಲರಿಗೂ ತೆಳುವೇ ಬೇಕು, ಬೇಗವೇ ಬೇಕು. ಮೆಷಿನ್ನು ಓಡಿಸಲು ಅವಳು ಎರಡು ಷರತ್ತು ಹಾಕಿದಳು: ದಾರ ನೀನೇ ತರಬೇಕು; ಸೂಜಿ ತೊಳೆಯಲು ನೀನೇ ಕೂರಬೇಕು.

ದಾರದ ಅಂಗಡಿಯಲ್ಲಿ ಇನ್ನೊಂದು ಪಂಚಾಯಿತಿ. ಬಣ್ಣ ಹಾಕದ ದಾರ ಕೊಂಡರೆ ದುಡ್ಡು ಉಳಿಯುತ್ತದೆ, ನೋಡಲಾಗದ ಮಕ್ಕಳಿಗೆ ಬಣ್ಣವೇಕೆ ಎಂದು ಜೊತೆಗೆ ಬಂದಿದ್ದ ಮಾವ ಕೇಳಿದ. ಶಾಲೆಯ ಆ ಹುಡುಗಿ ತನ್ನ ಅಂಗಿಯ ಬಣ್ಣ ಯಾವುದೆಂದು ಕೇಳಿ ತಿಳಿದುಕೊಂಡು, ಸಿಕ್ಕ ಸಿಕ್ಕವರಿಗೆಲ್ಲ ನನ್ನದು ಆಕಾಶದ ಬಣ್ಣ ಅಂತ ಹೇಳಿಕೊಂಡು ತಿರುಗುತ್ತಿದ್ದಳೆಂದು ಪುಟ್ಟಿ ಹೇಳಿದಳು. ಮೊದಲೇ ಬಣ್ಣ ಹಾಕಿದ ನೀಲಿ ದಾರದ ಉರುಳೆಗಳನ್ನು ಮಾವ ತಾನೇ ಹೆಗಲ ಮೇಲೆ ಹೊತ್ತು ರಿಕ್ಷಾಕ್ಕೆ ಹಾಕಿದ.

ಎರಡು ಹಗಲು ಪುಟ್ಟಿ ಸೀಮೆಎಣ್ಣೆಯ ತಟ್ಟೆಯ ಮುಂದೆ ಕೂತು ಸೂಜಿಗಳನ್ನು ಒಂದೊಂದಾಗಿ ತಿಕ್ಕಿದಳು. ಒಂದು ಸೂಜಿಯ ಕೊಕ್ಕೆ ಮುರಿದಿದ್ದರೂ ಬಟ್ಟೆಯುದ್ದಕ್ಕೂ ಏಣಿಯ ಹಾಗೆ ಗೆರೆ ಬೀಳುತ್ತದೆ. ಅಂಥ ಹದಿನೇಳನ್ನು ಬದಲಾಯಿಸಿದರು. ಮೂರನೆಯ ದಿನ ಮೆಷಿನ್ನು ಕೆಮ್ಮಿ, ಗೊಣಗಿ, ಆಮೇಲೆ ಹಾಡತೊಡಗಿತು. ನಾಲ್ಕು ದಿನದಲ್ಲಿ ಬೇಕಾದಷ್ಟು ಬಟ್ಟೆ ಇಳಿಯಿತು. ಈ ಸಲ ಪುಟ್ಟಿ ಕೆನ್ನೆಗೆ ಒತ್ತಿಕೊಳ್ಳಲಿಲ್ಲ. ಮೊದಲ ಮೊಳದಿಂದಲೇ ಚೀಲ ಹೊಲಿದು, ಅಕ್ಕನ ನಲ್ಲಿಯ ಕೆಳಗೆ ಒಗೆದು ಒಣಗಿಸಿ ಮತ್ತೆ ಒಗೆದಳು. ಹೊಲಿಗೆ ಅಡ್ಡ ಕದಲಲಿಲ್ಲ. ಹತ್ತು ಮುಗಿಯುವ ತನಕ ಹೂಂ ಅನ್ನಲಿಲ್ಲ. ನಿನ್ನಂಥ ಅನುಮಾನದವಳನ್ನು ಕಟ್ಟಿಕೊಳ್ಳುವವನು ಮೊದಲು ಹತ್ತು ಸಲ ಒಗೆಸಿಕೊಂಡೇ ಒಳಗೆ ಬರಬೇಕು ನೋಡು ಎಂದು ಅಕ್ಕ ನಕ್ಕಳು.

ಒಗೆದು ಹದಮಾಡಿಸಿದ ಬಟ್ಟೆ ಹೊಲಿಗೆಮನೆಗೆ ಬರುವ ಹೊತ್ತಿಗೆ ಆರೇ ದಿನ ಉಳಿದಿತ್ತು. ಮೇಷ್ಟ್ರು ಬಟ್ಟೆಯನ್ನು ಎಳೆದೆಳೆದು ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ಕತ್ತರಿಸುವ ಮೆಷಿನ್ನನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದರು. ಅದು ಮಿಸುಕಲಿಲ್ಲ. ಅದರ ಪ್ಲಗ್ಗು ಪುಟ್ಟಿಯ ಕೈಯಲ್ಲಿತ್ತು.

ರೋಲಿನಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಬಂದ ಬಟ್ಟೆ, ಒಂದು ದಿನ ಬಿಡಿಯಾಗಿ ಮಲಗಿ ಮೈ ಸಡಿಲಿಸಲಿ, ಆಮೇಲೆ ಕತ್ತರಿಸಿ ಎಂದಳು. ಮೇಷ್ಟ್ರ ಮುಖ ಕೆಂಪಗಾಯಿತು. ನೀನು ಹುಟ್ಟುವ ಮುಂಚಿನಿಂದ ಕತ್ತರಿ ಹಿಡಿದವನು ನಾನು, ಬಟ್ಟೆಗೆ ಜೋಗುಳ ಹಾಡಿ ಮಲಗಿಸಿ ಎಬ್ಬಿಸುವುದನ್ನು ನಿನ್ನಜ್ಜಿಯ ಕತೆಯಲ್ಲಿ ಇಟ್ಟುಕೋ ಎಂದರು. ದಿನ ಇರುವುದು ಆರು, ಅದರಲ್ಲಿ ಒಂದನ್ನು ನಿದ್ದೆಗೆ ಕೊಡಬೇಕೇ ಎಂದು ಮಾವನತ್ತ ತಿರುಗಿದರು. ಮಾವ ಇಬ್ಬರ ನಡುವೆ ನಿಂತು ಬೆವರಿದ.

ಪುಟ್ಟಿ ವಾದಕ್ಕಿಳಿಯಲಿಲ್ಲ. ಮೇಲಿನ ಪದರವನ್ನು ಎತ್ತಿ ಎಳೆಯದೆ ಹಗುರವಾಗಿ ಹಾಸಿದಳು. ಅದರ ಅಂಚು ಎಲ್ಲಿತ್ತೋ ಅಲ್ಲಿ ಮೇಜಿನ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಪ್ಲಗ್ಗನ್ನು ಮಡಿಲಲ್ಲಿಟ್ಟುಕೊಂಡು, ಸ್ಟೂಲು ಹಾಕಿ ಅಲ್ಲೇ ಕೂತಳು. ಮಧ್ಯಾಹ್ನದ ಊಟವನ್ನೂ ಅಲ್ಲೇ ತರಿಸಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ನೀರು ಕುಡಿಯುವ ನೆಪದಲ್ಲಿ ಬಂದು ಗೆರೆ ನೋಡಿಕೊಂಡು ಹೋದರು. ಸಂಜೆ ಬಾಗಿಲು ಹಾಕುವಾಗ ಪ್ಲಗ್ಗು ಅವಳ ಕೈಚೀಲದೊಳಗೆ ಹೋಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೇಜಿನ ಹತ್ತಿರ ನಿಂತಿದ್ದವರು ಮೇಷ್ಟ್ರು. ಬಟ್ಟೆಯ ಅಂಚು ಗೆರೆ ಬಿಟ್ಟು ನಾಲ್ಕು ಬೆರಳು ಒಳಗೆ ಸರಿದಿತ್ತು. ಅವರು ಆ ಜಾಗದ ಮೇಲೆ ಬೆರಳಿಟ್ಟು ಅಳೆದರು, ಇನ್ನೊಮ್ಮೆ ಅಳೆದರು. ನಿನ್ನೆ ಕತ್ತರಿಸಿದ್ದರೆ ಆ ನಾಲ್ಕು ಬೆರಳು ಮಕ್ಕಳ ಮೈಮೇಲೆ ಕುಗ್ಗುತ್ತಿತ್ತು.

"ಪ್ಲಗ್ಗು ಕೊಡಮ್ಮ," ಅಂದರು. ಅದು ಕೈಗೆ ಬಂದಮೇಲೆ, "ಉಳಿದ ರೋಲನ್ನೂ ಇವತ್ತು ಬಿಚ್ಚಿ ಮಲಗಿಸಿಬಿಡು. ನಾನು ಎಳೆಯಲ್ಲ."

ನಾಲ್ಕು ದಿನ ಹನ್ನೊಂದು ಮೆಷಿನ್ನುಗಳು ಬಿಡುವಿಲ್ಲದೆ ಓಡಿದವು. ಗಂಟು ಹಾಕುವ ಕೆಲಸವನ್ನು ಹೆಂಗಸರು ಹಂಚಿಕೊಂಡರು. ಎಡ ಯಾವುದು ಬಲ ಯಾವುದು ಎಂದು ಜಗಳವಾಡಿ, ಕಣ್ಣು ಮುಚ್ಚಿ ತಾವೇ ತೊಟ್ಟಂತೆ ಹಿಡಿದು ನೋಡಿ, ಗಂಟು ಬಿಗಿದರು. ಶಾಲೆ ತೆರೆಯುವ ಹಿಂದಿನ ದಿನ ಇನ್ನೂರ ನಲವತ್ತು ಅಂಗಿಗಳೂ ಹೋದವು. ವಾರ್ಡನ್ನಮ್ಮ ಸಂತೋಷಪಟ್ಟರು, ಮಾವನಿಗೆ ಜೀವ ಬಂತು. ಇನ್ನು ಮುಗಿಯಿತಲ್ಲ, ಮುಂದಿನ ಆರ್ಡರು ನೋಡು ಎಂದ.

ಮುಗಿದಿರಲಿಲ್ಲ. ಅವಳು ಮಾತು ಕೊಟ್ಟದ್ದು ಹತ್ತು ಒಗೆತಕ್ಕೆ. ಚೀಲ ಒಗೆದದ್ದು ಅವಳು, ಮೆದುವಾಗಿ. ಶಾಲೆಯಲ್ಲಿ ಒಗೆಯುವುದು ಗಡಿಗೆಯಂಥ ದೊಡ್ಡ ಮೆಷಿನ್ನು, ಬಿಸಿನೀರು, ಯಾರ ಮುಲಾಜೂ ಇಲ್ಲ. ವಾರಕ್ಕೆ ಎರಡು ಒಗೆತ, ಐದು ವಾರ. ಅಷ್ಟೂ ದಿನ ಮಾವ ತೋರಿಸಿದ ಬೇರೆ ಬಟ್ಟೆಗಳಿಗೆಲ್ಲ ಅವಳು, ಇದು ಮುಗಿಯಲಿ ಅಂದಳು. ಶಾಲೆಯಿಂದ ತಕರಾರು ಬಂದಿಲ್ಲವಲ್ಲ ಎಂದು ಮಾವ ಅಂದರೆ, ತಕರಾರು ಬಾರದಿರುವುದು ಬೇರೆ, ಸರಿಯಾಗಿರುವುದು ಬೇರೆ ಎಂದು ಎದುರು ನುಡಿದಳು. ಮೇಷ್ಟ್ರು ಗೋಡೆಯ ಕ್ಯಾಲೆಂಡರಿನಲ್ಲಿ ಯಾರಿಗೂ ಹೇಳದೆ ಒಗೆತದ ದಿನಗಳಿಗೆ ಸೀಸದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು.

ಹತ್ತನೆಯ ಒಗೆತ ಮುಗಿದು ಬಟ್ಟೆ ಒಣಗಿದ ಮರುದಿನ ಬೆಳಿಗ್ಗೆ ಪುಟ್ಟಿ ಶಾಲೆಯ ಪಡಸಾಲೆಯ ಕೊನೆಗೆ ಹೋಗಿ ನಿಂತಳು. ಮಕ್ಕಳು ಸ್ನಾನ ಮುಗಿಸಿ, ಅಂಗಿ ತೊಟ್ಟು, ತಿಂಡಿಯ ಕೋಣೆಗೆ ಹೋಗುವ ಹೊತ್ತು. ಬಂದವಳು ಯಾಕೆ ಬಂದಿದ್ದಾಳೆಂದು ಆ ಎಂಟು ವರ್ಷದ ಹುಡುಗಿಗೆ ವಾರ್ಡನ್ನಮ್ಮ ಹೇಳಿದರು. ಹುಡುಗಿ ಮೊದಲು ತನ್ನದನ್ನೇ ತಡವಿ ನೋಡಿಕೊಂಡಳು, ಕಂಕುಳಿಂದ ಸೊಂಟದ ತನಕ ಬೆರಳನ್ನು ಬಿಡದೆ ಇಳಿಸಿ. ಸಮಾಧಾನವಾದಂತೆ ಕಾಣಲಿಲ್ಲ. ಎಲ್ಲರದ್ದೂ ನೋಡಬೇಕು ಎಂದಳು.

ಹಾಗೆಂದು ತಿಂಡಿಯ ಕೋಣೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಹಸಿದ ನೂರಾ ಹತ್ತೊಂಬತ್ತು ಮಕ್ಕಳು ಪಡಸಾಲೆಯುದ್ದಕ್ಕೂ ಗಲಾಟೆಯೆಬ್ಬಿಸಿದರು, ಬಿಡೇ ದಾರಿ ಎಂದು ತಳ್ಳಿದರು. ಅವಳು ಜಗ್ಗಲಿಲ್ಲ. ಒಬ್ಬೊಬ್ಬರ ಎಡಪಕ್ಕೆಯನ್ನೂ ಮೇಲಿಂದ ಕೆಳಗೆ ತಡವಿ, ಗಂಟು ಕೈಗೆ ಸಿಕ್ಕಮೇಲೇ ಒಳಗೆ ಬಿಟ್ಟಳು. ಒಬ್ಬ ಅಂಗಿಯನ್ನು ಒಳಗಿನದು ಹೊರಗೆ ಮಾಡಿ ತೊಟ್ಟು ಬಂದಿದ್ದ, ಅವನನ್ನು ವಾಪಸ್ಸು ಕಳಿಸಿದಳು. ಆಯಾಗಳು ಗಂಜಿ ತಣ್ಣಗಾಗುತ್ತದೆ ಎಂದು ಒಳಗಿನಿಂದ ಕೂಗಿದರು. ಪುಟ್ಟಿ ಗೋಡೆಯ ಪಕ್ಕ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ತೊಂಬತ್ತು, ನೂರು, ನೂರಾ ಹತ್ತು. ಕೊನೆಗೆ ಉಳಿದದ್ದು ಅಂಗಿ ಮಗುಚಿ ತೊಟ್ಟು ಓಡಿಬಂದ ಅದೇ ಹುಡುಗ. ಅವನ ಕಂಕುಳಿಂದ ಹೊರಟ ಆ ಪುಟ್ಟ ಬೆರಳು ಎಲ್ಲೂ ಓರೆಯಾಗದೆ, ನೇರವಾಗಿ ಇಳಿದು, ಅಂಚಿನ ಗಂಟಿನ ಮೇಲೆ ಹೋಗಿ ನಿಂತಿತು.